ತೊಟ್ಟಿಲ ಪಟ್ಟಿಯ ಗಂಟು

ಇಜ್ಜತ್ ನನಗೆ ಸೋದರತ್ತೆಯ ಮಗ. ಸುಳ್ಳು ಹೇಳುವುದಕ್ಕೂ ಒಂದಿಷ್ಟು ಕಲ್ಪನೆ ಬೇಕಲ್ಲ, ಅದು ಅವನಲ್ಲಿಲ್ಲ. ಹಿಮ ಎಷ್ಟು ಬಿತ್ತಪ್ಪಾ ಅಂದರೆ ಸಲಿಕೆ ಊರಿ ಅಳೆದು ಬಂದು ಹೇಳುವ ಆಸಾಮಿ. ಅದಕ್ಕೇ ಈ ಮಾತು ಅವನ ಬಾಯಿಂದ ಬಂದ ದಿನ ನಾನು ನಗಲಿಲ್ಲ. ನೀವೂ ಮುಗಿಯುವ ತನಕ ನಗಬೇಡಿ. ಆಮೇಲೆ ನಿಮ್ಮಿಷ್ಟ. ಆ ಬಾಗಿಲು ಒಂಚೂರು ಮುಂದೆ ಮಾಡಿ... ಹಾಂ, ಅಷ್ಟು ಸಾಕು.

ಜರಫ್ಶಾನ್ ಹೊಳೆಯ ಮೇಲುಗಡೆ ಚಶ್ಮಾಕಮರ್ ಅಂತ ಊರು. ಇಜ್ಜತ್ ಅಲ್ಲಿಯವನಲ್ಲ. ಹಿಂದಿನ ವಸಂತದಲ್ಲಿ ಗುಡ್ಡ ಜರಿದು ಅವನ ಮನೆ ಮಣ್ಣುಪಾಲಾಗಿತ್ತು. ಚಶ್ಮಾಕಮರ್‌ನ ಹಿರಿಯರು ಖಾಲಿ ಬಿದ್ದಿದ್ದ ಒಂದು ಮನೆ ಬಿಟ್ಟುಕೊಟ್ಟರು. ಗಟ್ಟಿ ಮನೆ. ನಡುವೆ ಕೆತ್ತನೆಯ ಕಂಬ, ಹಿಂದೆ ಕೊಟ್ಟಿಗೆ. ಅಂಥ ಮನೆ ಖಾಲಿ ಯಾಕಿತ್ತು ಅಂತ ಇಜ್ಜತ್ ಒಂದೇ ಸಲ ಕೇಳಿದ. ಕೇಳಿದವರೆಲ್ಲ ಚಹಾ ಬಗ್ಗಿಸಿಕೊಳ್ಳುವುದರಲ್ಲಿ ಮುಳುಗಿಹೋದರು.

ಮನೆಯಲ್ಲಿ ನಾಲ್ಕು ಜನ. ಇಜ್ಜತ್, ಹೆಂಡತಿ ಬುನಫ್ಶಾ, ತಾಯಿ ಹಾಲಿಮಾ ಬೀಬಿ, ಎರಡು ವರ್ಷದ ಮಗಳು ಸವ್ಸನ್.

ಅವನ ಕೆಲಸ ಘಾಟಿ ರಸ್ತೆಯ ಹಿಮ ಬಳಿಯುವುದು. ಲಾರಿ ಕೆಳಗಿನ ತಿರುವಿನಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಅರ್ಧ ಗಂಟೆ ಏರು. ನಡುದಾರಿಯಲ್ಲಿ ಒಂದು ನೀರಿನ ಬುಗ್ಗೆ, ಅದರ ಮೇಲೆ ಬಾಗಿದ ಹಳೆ ಚಿನಾರ್ ಮರ. ಚಳಿಗಾಲ, ಹೊತ್ತು ಬೇಗ ಮುಳುಗುತ್ತದೆ. ಆ ಸಂಜೆ ಅವನು ಮರದ ಹತ್ತಿರ ಬರುವ ಹೊತ್ತಿಗೆ ಕತ್ತಲೆ ಇಳಿದಿತ್ತು.

ಕಣ್...

ತುಂಬಿದ ತಗಡಿನ ಬಕೆಟ್ಟನ್ನು ಕಲ್ಲಿನ ಮೇಲೆ ಇಟ್ಟರೆ ಹಿಡಿ ಪಕ್ಕಕ್ಕೆ ಬೀಳುತ್ತದಲ್ಲ, ಆ ಸದ್ದು. ಇಜ್ಜತ್ ನಿಂತ.

ಆಮೇಲೆ ಓಟ. ಕಿರಕ್, ಕಿರಕ್, ಕಿರಕ್... ಗಟ್ಟಿಯಾದ ಹಿಮದ ಮೇಲೆ ರಬ್ಬರ್ ಬೂಟು. ಹೆಂಗಸಿನ ಪುಟ್ಟ ಹೆಜ್ಜೆ. ಏರುದಾರಿಯಲ್ಲಿ, ಅವನಿಗಿಂತ ಮುಂದೆ.

"ಯಾರಮ್ಮಾ ಅದು?"

ಟಾರ್ಚ್ ಬಿಟ್ಟು ನೋಡಿದ. ದಾರಿಯಲ್ಲಿ ಬೆಳಿಗ್ಗೆ ತಾನೇ ಇಳಿದ ಹೆಜ್ಜೆ, ಬೇರೆ ಒಂದೂ ಇಲ್ಲ. ಕಲ್ಲಿನ ಮೇಲೆ ಬಕೆಟ್ಟೂ ಇಲ್ಲ. ಬಕೆಟ್ಟಿನ ತಳದಷ್ಟೇ ಅಗಲದ ಒಂದು ಒದ್ದೆ ಉಂಗುರ ಮಾತ್ರ ಇತ್ತು. ಎಂಜಲು ಉಗಿದರೆ ನೆಲ ಮುಟ್ಟುವ ಮೊದಲು ಗಡ್ಡೆಕಟ್ಟುವ ಚಳಿ ಅದು. ಆ ಉಂಗುರ ಹೆಪ್ಪುಗಟ್ಟಿರಲಿಲ್ಲ.

ಇಜ್ಜತ್ ಮನೆಗೆ ಬಂದು ಬಾಗಿಲು ತಳ್ಳಿದ. ಒಳಗೆ ಯಾರೂ ಇಲ್ಲ. ಸವ್ಸನ್ ಒಬ್ಬಳೇ ಕೂತು ಸೌಟಿನಿಂದ ನೆಲ ಬಡಿಯುತ್ತಿದ್ದಳು. ಮಗುವಿನ ಸೊಂಟಕ್ಕೆ ಒಂದು ಪಟ್ಟಿ. ಪಟ್ಟಿಯ ಇನ್ನೊಂದು ತುದಿ ಕಂಬಕ್ಕೆ.

ಹಸುಗೂಸು ಮಲಗಿದಾಗ ಕೈಕಾಲು ಅಲ್ಲಾಡದಂತೆ ತೊಟ್ಟಿಲಿಗೆ ಸೇರಿಸಿ ಕಟ್ಟುತ್ತೇವಲ್ಲ, ಗೇಣಗಲದ ನೇಯ್ದ ಪಟ್ಟಿ, ಅದು. ಆದರೆ ಸವ್ಸನ್‌ದು ಕೆಂಪು. ಇದು ನೀಲಿ.

"ಬುನಫ್ಶಾ! ಮಗೂನ ನಾಯಿ ಕಟ್ಟಿದ ಹಾಗೆ ಕಟ್ಟಿ ಎಲ್ಲಿ ಹೋಗಿದ್ದೆ?"

ಬುನಫ್ಶಾ ಹಾಲಿನ ಪಾತ್ರೆ ಹಿಡಿದು ಕೊಟ್ಟಿಗೆಯಿಂದ ಬಂದಳು. ಕಂಬ ನೋಡಿದಳು. ಗಂಡನ ಮುಖ ನೋಡಿದಳು.

"ನಾನು ಕಟ್ಟಿಲ್ಲ, ಸವ್ಸನ್ ಅಪ್ಪಾ. ಅತ್ತೆ ಹತ್ರ ಬಿಟ್ಟು ಹೋಗಿದ್ದೆ."

"ನನ್ನ ಹತ್ರನಾ?" ಬೀಬಿ ಒಳಕೋಣೆಯಿಂದ ನಮಾಜಿನ ಚಾಪೆ ಮಡಚುತ್ತಾ ಬಂದಳು. "ನಾನು ನಮಾಜಿಗೆ ಕೂತಿದ್ದೆ. ಮಗು ನಿನ್ನ ಹತ್ರ ಇದೆ ಅಂದ್ಕೊಂಡಿದ್ದೆ."

ಇಬ್ಬರು ನೋಡಿಕೊಳ್ಳುವ ಮಗು ಅಂದರೆ ಹಾಗೇ. ಒಬ್ಬರೂ ನೋಡಿಕೊಳ್ಳುವುದಿಲ್ಲ.

ಇಜ್ಜತ್ ಗಂಟು ಬಿಚ್ಚಲು ಕೂತ. ಬೆನ್ನ ಹಿಂದೆ, ಮಗುವಿನ ಕೈಗೆ ಸಿಗದ ಜಾಗದಲ್ಲಿ ಹಾಕಿದ ಗಂಟು. ಮೂರು ಸುತ್ತು, ಬಾಲ ಎಡಗಡೆಯಿಂದ ಒಳಕ್ಕೆ ತೂರಿಸಿದ್ದು. ಪಟ್ಟಿ ಒದ್ದೆ ಒದ್ದೆ. ಮಗು ಉಚ್ಚೆ ಹೊಯ್ದುಕೊಂಡಿರಬೇಕು ಅಂದುಕೊಂಡ. ಮೂಸಿದ. ಉಚ್ಚೆಯಲ್ಲ.

ಮರುದಿನವೂ ಕಟ್ಟಿತ್ತು. ಅದರ ಮಾರನೆ ದಿನವೂ. ದೀಪ ಹಚ್ಚುವ ಹೊತ್ತು, ಕೋಣೆಯಲ್ಲಿ ಯಾರೂ ಇಲ್ಲದ ಅರೆಗಳಿಗೆ, ಅಷ್ಟೇ ಸಾಕು.

ಮನೆಯ ಮಾತು ಕೆಟ್ಟಿತು. ಬೀಬಿ ಹಿಟ್ಟು ನಾದುತ್ತಾ ಹಿಟ್ಟಿಗೇ ಹೇಳುವಳು: "ನನ್ನ ಮಗ ಹಿಮ ಬಳಿದು ಸಾಯ್ತಾನೆ. ಮಹಾರಾಣಿ ಮಗೂನ ಕಂಬಕ್ಕೆ ಬಿಗಿದು ಬೇಲಿ ಮೇಲೆ ಹರಟೆ ಹೊಡೀತಾಳೆ." ಬುನಫ್ಶಾ ಗಂಡನ ಕಿವಿಯಲ್ಲಿ ಪಿಸುಗುಟ್ಟುವಳು: "ಐದು ಮಕ್ಕಳನ್ನ ಸಾಕಿದೀನಿ ಅಂತ ಹೇಳ್ಕೋತಾರಲ್ಲ, ಹೀಗೇನಾ ಸಾಕಿದ್ದು? ನಿಮ್ಮ ಸೊಂಟದಲ್ಲಿ ಗುರುತು ಇದ್ಯಾ ನೋಡ್ಕೊಳ್ಳಿ."

ಇಜ್ಜತ್ ಇಬ್ಬರನ್ನೂ ನಂಬಲಿಲ್ಲ. ಒಂದು ದಿನ ಸೌದೆ ರಾಶಿ ಹಾಕಿ, ತಲಾ ಒಂದು ಹೊರೆ ಕಟ್ಟಿಕೊಡಿ ಅಂದ. ಬುನಫ್ಶಾ ಕಟ್ಟಿದ್ದು ಎಳೆದರೆ ಬಿಚ್ಚುವ ಗಂಟು. ತಾಯಿಯದು ಎರಡು ಸುತ್ತಿನದು, ಬಾಲ ಹೊರಗೆ. ಬೀಬಿ ಮಗನನ್ನೇ ದಿಟ್ಟಿಸಿದಳು.

"ಪರೀಕ್ಷೆ ಮಾಡ್ತಿದೀಯೇನೋ? ಹೆತ್ತವಳನ್ನ?"

"ಇಲ್ಲವ್ವಾ. ಸೌದೆ ಬೇಕಿತ್ತು."

"ಸೌದೆಯಂತೆ ಸೌದೆ. ನಿನ್ನ ಗಂಟೂ ತೋರಿಸು ಮತ್ತೆ."

ತೋರಿಸಿದ. ಅವನದೂ ಬೇರೆಯೇ.

ಆ ನೀಲಿ ಪಟ್ಟಿ ಎಲ್ಲಿಂದ ಬಂತು ಅಂತ ಹುಡುಕಿದಾಗ ಕೊಟ್ಟಿಗೆಯ ಅಟ್ಟದಲ್ಲಿ ಒಂದು ಹಳೆ ತೊಟ್ಟಿಲು ಸಿಕ್ಕಿತು. ಹಿಂದಿನವರದು. ತೊಟ್ಟಿಲಿಗೆ ಇರಬೇಕಾದ ಎರಡು ಪಟ್ಟಿಗಳಲ್ಲಿ ಒಂದು ಅದರಲ್ಲೇ ಇತ್ತು, ಅದೂ ನೀಲಿ. ಇಜ್ಜತ್ ಮಗುವಿಗೆ ಕಟ್ಟಿದ್ದ ಇನ್ನೊಂದನ್ನು ಸುತ್ತಿ ಕೋಟಿನ ಒಳಜೇಬಿಗೆ ಹಾಕಿ ಗುಂಡಿ ಬಿಗಿದು ಕೆಲಸಕ್ಕೆ ಹೋದ. ದಿನವಿಡೀ ಎದೆಗೆ ಒತ್ತುತ್ತಿತ್ತು. ಸಂಜೆ ಬುಗ್ಗೆ ದಾಟುವಾಗ ಕಣ್ ಅಂತ ಬಕೆಟ್ಟು ಕೂತಿತು... ಕಿರಕ್ ಕಿರಕ್ ಕಿರಕ್... ಅವನು ತಲೆ ತಗ್ಗಿಸಿ ನಡೆದ. ಮನೆ ಹೊಸ್ತಿಲಲ್ಲಿ ಜೇಬು ಮುಟ್ಟಿ ನೋಡಿಕೊಂಡ. ಗುಂಡಿ ಹಾಕಿದಂತೆಯೇ ಇತ್ತು. ಜೇಬು ಖಾಲಿ. ಒಳಗೆ ಒದ್ದೆ.

ಸವ್ಸನ್ ಕಂಬದ ಹತ್ತಿರ ಕೂತಿದ್ದಳು. ಕಟ್ಟಿಸಿಕೊಂಡು.

"ಪುಟ್ಟೀ, ಯಾರು ಕಟ್ಟಿದ್ದು?"

ಮಗು ಸ್ವಲ್ಪ ಯೋಚಿಸಿತು. ಆಮೇಲೆ ಬಾಯಿ ತೆರೆದು, ಏರು ಹತ್ತಿ ಓಡಿ ಬಂದವರು ಉಸಿರು ಬಿಡುವಂತೆ ಮಾಡಿ ತೋರಿಸಿತು.

"ಹೆ... ಹೆ... ಹೆ..."

ಎರಡು ವರ್ಷದ ಮಗು. ನಗಲಿಲ್ಲ, ಅಳಲಿಲ್ಲ. ಕಟ್ಟಿದವಳನ್ನು ಅನುಕರಿಸಿತು, ಅಷ್ಟೇ.

ಆ ರಾತ್ರಿ ಬುನಫ್ಶಾ ಮಗುವನ್ನು ಅಪ್ಪಿಕೊಂಡೇ ಮಲಗಿದಳು. ಬೀಬಿ ಮಾತ್ರ ಬೇರೆಯೇ ಲೆಕ್ಕ ಹಾಕಿದಳು. "ಕೆಟ್ಟದ್ದಾದ್ರೆ ಕತ್ತಿಗೆ ಕಟ್ತಿತ್ತು. ಸೊಂಟಕ್ಕೆ ಯಾಕೆ ಕಟ್ಟುತ್ತೆ? ಇದು ನಮ್ಮ ಹಿರಿಯರ ಆತ್ಮ ಕಣೋ. ನಾವಿಬ್ರು ಕೆಲಸದಲ್ಲಿದ್ದಾಗ ಮಗೂನ ನೋಡ್ಕೋತಿದೆ. ಗುರುವಾರ ನಾನು ಎಣ್ಣೆ ಕಾಯಿಸ್ತೀನಿ."

ಗುರುವಾರ ಸಂಜೆ ಎಣ್ಣೆ ಕಾಯಿಸಿ ಚಲ್ಪಕ್ ಅನ್ನುವ ತೆಳು ರೊಟ್ಟಿ ಕರಿದು ಏಳು ಮನೆಗೆ ಹಂಚಿದರೆ, ಆ ವಾಸನೆ ಸತ್ತವರಿಗೆ ಊಟ. ಎಲ್ಲರೂ ಮಾಡುವುದೇ. ತಪ್ಪು ಅದಲ್ಲ. ತಪ್ಪು ಬೇರೆ ಕಡೆ ಆಯಿತು. ಆ ಮನೆಯ ಹೆಂಗಸರು ಪಟ್ಟಿಗೆ ಒಗ್ಗಿಹೋದರು. ಮೊದಲು ಹೆದರಿದರು, ಆಮೇಲೆ ಸುಮ್ಮನಾದರು, ವಾರ ಕಳೆಯುವುದರೊಳಗೆ ನೆಚ್ಚಿಕೊಂಡರು. "ಹೇಗೂ ಕಟ್ಟಿರುತ್ತಲ್ಲ, ಹಾಲು ಕರೆದು ಬರ್ತೀನಿ" ಅಂತ ಬುನಫ್ಶಾ ಹೋಗತೊಡಗಿದಳು. "ಹೇಗೂ ಕಟ್ಟಿರುತ್ತಲ್ಲ" ಅಂತ ಬೀಬಿ ಜಪಮಣಿ ಹಿಡಿದಳು.

ಇಜ್ಜತ್‌ಗೆ ಮಾತ್ರ ಒಂದು ವಿಷಯ ಚುಚ್ಚುತ್ತಿತ್ತು. ಬದುಕಿರುವವರನ್ನೇ ನಂಬದವನು ಇದನ್ನು ನಂಬುತ್ತಾನೆಯೆ? ಬುಧವಾರ ರಾತ್ರಿ ಪಟ್ಟಿ ಹಿಡಿದು ಅಳೆದ. ಅಳೆಯುವುದು ಅವನ ಚಾಳಿ ಅಂದೆನಲ್ಲ.

ಕಂಬದಿಂದ ಪಟ್ಟಿ ಎಳೆದರೆ ಕಿಟಕಿಯ ಕಡೆ ಒಂದು ಜಾಗದ ತನಕ ಹೋಗುತ್ತದೆ. ಅಲ್ಲಿ ನೆಲದ ಮೇಲೆ ಕಂಬಳಿ ಬಿಟ್ಟರೆ ಏನೂ ಇಲ್ಲ. ಕಂಬಳಿ ಎತ್ತಿದ. ತಟ್ಟೆಯಷ್ಟು ದುಂಡಗೆ, ನೆಲದ ಬಣ್ಣ ಬೇರೆ. ಪಟ್ಟಿಯ ತುದಿ ಆ ದುಂಡಿಗೆ ಸರಿಯಾಗಿ ಒಂದು ಗೇಣು ಈಚೆಗೆ ನಿಲ್ಲುತ್ತಿತ್ತು.

ಇನ್ನೊಂದು ಕಡೆ ಎಳೆದ. ಅಲ್ಲಿ ಅವರ ಸಂದಲಿ. ನೆಲದಲ್ಲಿ ಕೆಂಡದ ಗುಂಡಿ, ಮೇಲೆ ಗಿಡ್ಡ ಮೇಜು, ಮೇಜಿನ ಮೇಲೆ ಮನೆಮಂದಿಯ ಕಾಲೆಲ್ಲ ಮುಚ್ಚುವ ಒಂದೇ ದೊಡ್ಡ ರಜಾಯಿ. ಬೆಚ್ಚಗಿರಲಿ ಅಂತ ಇಜ್ಜತ್ ತಾನೇ ಶರತ್ಕಾಲದಲ್ಲಿ ಕಂಬದ ಹತ್ತಿರಕ್ಕೆ ತೋಡಿದ್ದು. ಪಟ್ಟಿ ಸಂದಲಿಯ ಅಂಚು ಮುಟ್ಟಿ, ಇನ್ನೂ ಒಂದು ಮೊಳ ಮಿಕ್ಕಿತು.

ಏನೂ ಇಲ್ಲದ ಕಡೆಗೆ ಹೋಗದ ಹಾಗೆ ಕಟ್ಟಿದೆ. ಬೆಂಕಿಗೆ ಹೋಗಲು ಬಿಟ್ಟಿದೆ.

ಮರುದಿನ ಬೆಳಿಗ್ಗೆ, ಪಟ್ಟಿ ನೆಚ್ಚಬೇಡಿ ಅಂತ ಇಬ್ಬರಿಗೂ ಹೇಳಿ ಕೆಲಸಕ್ಕೆ ಹೋದ. ಸಂಜೆ ಲಾರಿ ಇಳಿದವನು ನೇರ ಕಲಂದರ್ ಉಸ್ತಾನ ಮನೆಗೆ ಹೋದ. ಬುಗ್ಗೆಯ ಕೆಳಗೆ ಮನೆ. ಊರಿನ ಗಾರೆ ಕೆಲಸ, ಮರಗೆಲಸ ಎಲ್ಲ ಆ ಮುದುಕನದೇ.

"ಉಸ್ತಾ, ನಮ್ಮ ಮನೆ ಕಿಟಕಿ ಹತ್ರ ನೆಲ ಮುಚ್ಚಿದ್ದು ನೀವೇನಾ?"

ಮುದುಕ ಬಟ್ಟಲು ತಿರುಗಿಸುತ್ತಾ ಕೂತ. "ಕೂತ್ಕೋ ಮಗನೇ. ಹಿಪ್ಪುನೇರಳೆ ಹಣ್ಣು ತಿನ್ನು."

"ಹಣ್ಣು ಆಮೇಲೆ. ಯಾರು ಮುಚ್ಚಿದ್ದು?"

"...ನಾನೇ. ಅಲ್ಲಿ ಸದ್ಬರ್ಗ ಅನ್ನೋಳ ಸಂದಲಿ ಇತ್ತು."

"ಯಾರು ಸದ್ಬರ್ಗ?"

ಉಸ್ತಾ ದನಿ ತಗ್ಗಿಸಿದ. "ಆ ಮನೆಯವಳು. ಒಬ್ಬನೇ ಮಗ, ನಿನ್ನ ಮಗಳಷ್ಟೇ. ಕಾಲು ನಿಲ್ತಿರಲಿಲ್ಲ ಅವನಿಗೆ. ಕಟ್ಟಿ ಹಾಕು ಇವನನ್ನ ಅಂತ ಊರೆಲ್ಲ ಹೇಳಿತ್ತು. ಮಗೂನ ನಾಯಿ ಕಟ್ಟಿದ ಹಾಗೆ ಕಟ್ಟಲಾ ಅಂತ ನಗ್ತಿದ್ಲು. ಒಂದು ಸಂಜೆ ನೀರಿಗೆ ಬಂದ್ಲು. ಬಕೆಟ್ಟು ತುಂಬ್ತು, ಕಲ್ಲಿನ ಮೇಲೆ ಇಟ್ಲು... ಆಗ ಮೇಲಿಂದ ಕೂಗು ಕೇಳ್ತು. ಬಕೆಟ್ಟು ಅಲ್ಲೇ ಬಿಟ್ಟು ಓಡಿದ್ಲು. ಎಷ್ಟು ಓಡಿದ್ರೂ ಆ ಏರು ಏರೇ ಅಲ್ವಾ."

"ಹುಡುಗ?"

ಉಸ್ತಾ ತಲೆಯಾಡಿಸಿದ. "ರಜಾಯಿ ಕೆಳಗೆ ನುಸುಳಿದ್ದ. ಮುಂದಿನ ಚಳಿಗಾಲ ಅವಳೂ ಇರಲಿಲ್ಲ. ಬುಗ್ಗೆ ಹತ್ರ ಸಿಕ್ಕಿದ್ಲು. ತುಂಬಿದ ಬಕೆಟ್ಟು ಪಕ್ಕದಲ್ಲೇ ಇತ್ತು."

"ನಮಗೆ ಯಾಕೆ ಹೇಳ್ಲಿಲ್ಲ ಉಸ್ತಾ?"

"ಮನೆ ಕಳ್ಕೊಂಡು ಬಂದೋರು ನೀವು. ಒಂದು ಸೂರು ಸಿಕ್ಕಿತ್ತು. ಅದರ ಮೇಲೂ ಮಣ್ಣು ಹಾಕ್ಲಾ?"

ಇಜ್ಜತ್ ಎದ್ದು ನಿಂತಿದ್ದ. ಆಗ ಗಾಳಿ ತಿರುಗಿತು. ಮೇಲಿನಿಂದ ಒಂದು ವಾಸನೆ ಬಂತು. ಕಾದ ಎಣ್ಣೆ. ಗುರುವಾರ!

ಓಡಿದ. ಚಿನಾರ್ ಮರ ಮುಟ್ಟುವಷ್ಟರಲ್ಲಿ ಕಣ್... ಮುಂದೆ ಓಟ ಶುರುವಾಯಿತು. ಕಿರಕ್, ಕಿರಕ್, ಕಿರಕ್... ಅವನಿಗಿಂತ ಹತ್ತು ಮಾರು ಮುಂದೆ, ಕತ್ತಲಲ್ಲಿ. ಇಜ್ಜತ್‌ಗೆ ಎಲ್ಲ ಗೊತ್ತಾಯಿತು. ಅವಳು ಹೋಗುತ್ತಾಳೆ. ಕಟ್ಟುತ್ತಾಳೆ. ಕಿಟಕಿಯ ಹತ್ತಿರದ ಬೆಂಕಿಗೆ ಲೆಕ್ಕ ಹಾಕಿ ಕಟ್ಟುತ್ತಾಳೆ. ಅವಳಿಗೆ ಗೊತ್ತಿರುವುದು ಆ ಒಂದೇ ಬೆಂಕಿ.

ದೆವ್ವದ ಜೊತೆ ಮಾತಾಡಬಾರದು ಅನ್ನುತ್ತಾರೆ. ಇಜ್ಜತ್ ಕೂಗಿದ.

"ಅಕ್ಕಾ! ಬೆಂಕಿ ಅಲ್ಲಿಲ್ಲ! ಕಂಬದ ಹತ್ರ ಇದೆ! ಕಂಬದ ಹತ್ರ, ಅಕ್ಕಾ!"

ಹೆಜ್ಜೆ ನಿಂತಿತು.

ಒಂದು ಉಸಿರು... ಎರಡು ಉಸಿರು... ಆಮೇಲೆ ಕಿರಕಿರಕಿರಕ್ ಅಂತ, ಯಾವ ಜೀವಂತ ಕಾಲೂ ಆ ಏರಿನಲ್ಲಿ ಓಡಲಾರದ ವೇಗದಲ್ಲಿ ಓಡಿತು.

ಇಜ್ಜತ್ ಬಾಗಿಲಿಗೆ ಬಂದಾಗ ಕೋಣೆ ತುಂಬ ಹೊಗೆ. ಬೀಬಿ ಚಲ್ಪಕ್ ಹಂಚಲು ಹೋಗಿದ್ದಳು. ಬುನಫ್ಶಾ ಕೊಟ್ಟಿಗೆಯಲ್ಲಿ. ಸಂದಲಿಯ ಮೇಜು ಪಕ್ಕಕ್ಕೆ ಸರಿಸಿ, ರಜಾಯಿ ಮಡಚಿಟ್ಟು, ಕೆಂಡದ ಮೇಲೆ ಮುಕ್ಕಾಲಿ ಇಟ್ಟು ಬಾಣಲೆ ಹಾಗೇ ಬಿಟ್ಟಿತ್ತು. ಎಣ್ಣೆ ಚಟಪಟ ಅನ್ನುತ್ತಿತ್ತು. ಸವ್ಸನ್ ಮುಂದಕ್ಕೆ ಬಾಗಿ, ಪಟ್ಟಿ ಬಿಗಿಯಾಗುವಷ್ಟು ಎಳೆದು, ಬಾಣಲೆಯ ಹಿಡಿಗೆ ಕೈ ಚಾಚಿದ್ದಳು. ಬೆರಳಿಗೂ ಹಿಡಿಗೂ ಒಂದು ಗೇಣು.

ದಿನಾ ಕಂಬಕ್ಕೆ ಒಂದು ಸುತ್ತು ಇರುತ್ತಿದ್ದ ಪಟ್ಟಿ ಅವತ್ತು ನಾಲ್ಕು ಸುತ್ತು ಸುತ್ತಿತ್ತು.

ಆದರೆ ಮಗುವಿಗೆ ಎರಡು ಕೈ. ಇನ್ನೊಂದು ಕೈಯಲ್ಲಿ ರಜಾಯಿಯ ಅಂಚು ಸಿಕ್ಕಿತ್ತು, ಎಳೆದು ಕೆಂಡದ ಮೇಲೆ ಕೆಡವಿತ್ತು. ಹತ್ತಿ ಒಳಗೊಳಗೇ ಬೇಯುತ್ತಿತ್ತು. ಇಜ್ಜತ್ ಪಟ್ಟಿ ಹಿಡಿದು ಮಗುವನ್ನು ಮೀನಿನ ಹಾಗೆ ಹಿಂದಕ್ಕೆಳೆದ. ಅಷ್ಟರಲ್ಲಿ ರಜಾಯಿಯಿಂದ ಬಾಣಲೆಗೆ ಬೆಂಕಿ ಹಾರಿತು. ಭುಗ್!

"ಯಾ ಅಲ್ಲಾ!" ಬಾಗಿಲಲ್ಲಿ ಬೀಬಿ. ಕೈಗೆ ಸಿಕ್ಕಿದ ನೀರಿನ ಹೂಜಿ ಎತ್ತಿದಳು.

"ಬೇಡವ್ವಾ! ಎಣ್ಣೆಗೆ ನೀರು ಬೇಡ! ಮುಚ್ಚಳ ಕೊಡು, ಮುಚ್ಚಳ!"

ಕಬ್ಬಿಣದ ಮುಚ್ಚಳವನ್ನು ಪಕ್ಕದಿಂದ ಜಾರಿಸಿ ಬಾಣಲೆ ಮುಚ್ಚಿದ. ಉರಿ ಉಸಿರು ಕಟ್ಟಿ ಸತ್ತಿತು. ರಜಾಯಿಯನ್ನು ಅಂಗಳಕ್ಕೆ ಎಳೆದು ಹಿಮದಲ್ಲಿ ಹೂತ. ಸುಸ್ಸ್... ಅಂತ ಬಹಳ ಹೊತ್ತು ಅನ್ನುತ್ತಿತ್ತು.

ಮಗುವಿನ ಪಾದಕ್ಕೆ ಒಂದು ಕಿಡಿ ತಾಗಿತ್ತು. ಬೀಬಿ ಕುರಿಕೊಬ್ಬು ಹುಡುಕಲು ಹೊರಟಳು. ಕೊಟ್ಟಿಗೆಯಿಂದ ಓಡಿ ಬಂದ ಬುನಫ್ಶಾ ಬಿಡಲಿಲ್ಲ, ಪಾದವನ್ನು ತಣ್ಣೀರಲ್ಲಿ ಹಿಡಿದು ಕೂತಳು. ಯಾರೂ ಯಾರನ್ನೂ ಬೈಯಲಿಲ್ಲ. ಅದೇ ಭಯವಾಗುವ ಹಾಗಿತ್ತು.

ಕೊನೆಗೆ ಬೀಬಿ ಅಂದಳು: "ಕಟ್ಟಿರುತ್ತಲ್ಲ ಅಂತ ಹೋದೆ ಕಣೋ. ಸತ್ತವರ ಕೈಗೆ ಮಗೂನ ಕೊಟ್ಟು ಹೋದೆ."

"ನೀನೊಬ್ಬಳೇ ಅಲ್ಲವ್ವಾ," ಅಂದ ಇಜ್ಜತ್. "ಗುಂಡಿ ತೋಡಿದೋನು ನಾನು."

ಮರುದಿನ ಅವನು ಕೆಲಸಕ್ಕೆ ಹೋಗಲಿಲ್ಲ. ಉಸ್ತಾ ಉಪಕರಣದ ಚೀಲ ಹೊತ್ತು ಬಂದ. ಕರಿಯುವ ಒಲೆ ಹೊರಗಿನ ಚಪ್ಪರಕ್ಕೆ ಹೋಯಿತು, ಬೀಬಿಯ ಸೊಂಟದೆತ್ತರಕ್ಕೆ. ಸಂದಲಿಯ ಗುಂಡಿಗೆ ಒಂದು ಗೇಣು ದೂರದಲ್ಲಿ, ಸುತ್ತಲೂ, ನೆರೆಮನೆಯಿಂದ ತಂದ ರಜಾಯಿಯ ಕೆಳಗೇ, ಹಿಪ್ಪುನೇರಳೆ ಮರದ ರೀಪು ಬಡಿದ ಪಂಜರ ಏರಿತು. ಶಾಖ ಬರಬೇಕು, ಕಾಲು ಹೋಗಬಾರದು. ಸವ್ಸನ್ ಪಾದದ ಅಳತೆ ತೆಗೆದು, ಸಂದು ಅದಕ್ಕಿಂತ ಚಿಕ್ಕದಿರಬೇಕು ಅಂತ ಇಜ್ಜತ್ ಒಂದೊಂದನ್ನೂ ಬೆರಳಿಟ್ಟು ನೋಡಿದ.

"ಮಗಳಿಗೆ ಮದುವೆ ಬಟ್ಟೆಗೂ ಇಷ್ಟು ಅಳತೆ ತೆಗೀತೀಯೇನೋ?" ಅಂತ ಉಸ್ತಾ ಗೊಣಗಿದ.

"ಮದುವೆ ತನಕ ಇರಬೇಕಲ್ಲ ಉಸ್ತಾ."

ಇನ್ನೊಂದು ಕಟ್ಟಳೆಯನ್ನೂ ಇಜ್ಜತ್ ಮಾಡಿದ. ಮಗುವನ್ನು ಬಿಟ್ಟು ಏಳುವವರು "ಇಗೋ ನಿನ್ನ ಕೈಗೆ" ಅನ್ನಬೇಕು. ಇನ್ನೊಬ್ಬರು "ಹೂಂ, ನನ್ನ ಕೈಗೆ" ಅನ್ನಬೇಕು. ಆ ಮಾತು ಕೇಳುವ ತನಕ ಕದಲುವ ಹಾಗಿಲ್ಲ. ಅತ್ತೆ ಸೊಸೆ ಮಾತು ಬಿಟ್ಟ ದಿನವೂ ಈ ಎರಡು ಮಾತು ತಪ್ಪಲಿಲ್ಲ.

ನೀಲಿ ಪಟ್ಟಿಯನ್ನು ಅವನು ಒಗೆದು ಮಡಚಿ ಹಳೆ ತೊಟ್ಟಿಲಲ್ಲಿ ಇಟ್ಟ. "ಇಷ್ಟು ದಿನ ನೋಡ್ಕೊಂಡಿದ್ದು ಸಾಕು ಅಕ್ಕಾ. ಇನ್ನು ನಾವು ನೋಡ್ಕೋತೀವಿ," ಅಂತ ಪಿಸುಗುಟ್ಟಿ ಅಟ್ಟದಿಂದ ಇಳಿದ.

ಆ ಸಂಜೆ ಉಸ್ತಾನನ್ನು ಕಳಿಸಲು ಇಳಿದಾಗ ಬುಗ್ಗೆಯ ಹತ್ತಿರ ಸದ್ದಿಲ್ಲ. ಮಗುವನ್ನು ಯಾರೂ ಕಟ್ಟಲಿಲ್ಲ.

ಬೆಳಿಗ್ಗೆ ಬುನಫ್ಶಾ ಕೆಂಡ ಕೆದಕಲು ರಜಾಯಿ ಎತ್ತಿದವಳು ಹಾಗೇ ಕೂತಳು. "ಸವ್ಸನ್ ಅಪ್ಪಾ... ಇಲ್ಲಿ ಬನ್ನಿ."

ಪಂಜರದ ಹಿಂಬದಿ, ಕಂಬದ ಕಡೆ, ತೀರಾ ಕೆಳಗೆ ಮರದಲ್ಲಿ ಒಂದು ವಕ್ರ ಇತ್ತು. ಅಲ್ಲಿ ಸಂದು ಬೇರೆಯವಕ್ಕಿಂತ ಎರಡು ಬೆರಳು ಹೆಚ್ಚು ಅಗಲವಾಗಿ ಉಳಿದುಹೋಗಿತ್ತು. ಇಜ್ಜತ್ ಕಣ್ಣಿಗೂ ತಪ್ಪಿತ್ತು, ಉಸ್ತಾ ಕಣ್ಣಿಗೂ ತಪ್ಪಿತ್ತು. ಸವ್ಸನ್ ಪಾದ ಸಲೀಸಾಗಿ ತೂರುವಷ್ಟು. ಆ ಒಂದು ಸಂದಿಗೆ ಮಾತ್ರ ನೀಲಿ ಪಟ್ಟಿಯನ್ನು ಹಿಂದಕ್ಕೂ ಮುಂದಕ್ಕೂ ಹೆಣೆದು ಬಿಗಿದಿತ್ತು. ಮೂರು ಸುತ್ತು. ಬಾಲ ಎಡಗಡೆಯಿಂದ ಒಳಕ್ಕೆ.

ಅದು ನಡೆದು ಆರು ಚಳಿಗಾಲವಾಯಿತು. ಸವ್ಸನ್ ಈಗ ಶಾಲೆಗೆ ಹೋಗುತ್ತಾಳೆ. ಹೋದ ವರ್ಷ ಜನವರಿಯಲ್ಲಿ ನಾನೇ ಆ ಮನೆಯಲ್ಲಿ ಎರಡು ರಾತ್ರಿ ಮಲಗಿದ್ದೆ. ನಂಬದವರಿಗೆ ಉಸ್ತಾ ಇದ್ದಾನೆ, ಬುನಫ್ಶಾ ಇದ್ದಾಳೆ, ಹೋಗಿ ಕೇಳಿ. ನಾನು ಯಾರನ್ನೂ ಕೇಳಲಿಲ್ಲ. ಎಲ್ಲರೂ ಮಲಗಿದ ಮೇಲೆ ರಜಾಯಿಯ ಕೆಳಗೆ ಕೈ ಹಾಕಿ ತಡಕಿದೆ. ಮರ ಒಣಗಿ ಕಾದು ಕೈ ಇಡಲಾಗದಷ್ಟು ಬಿಸಿಯಾಗಿತ್ತು. ಒಂದು ಗೇಣು ಆಚೆಗೆ ಕೆಂಡ. ಬೆರಳಿಗೆ ಗಂಟು ಸಿಕ್ಕಿತು.

ಪಟ್ಟಿ ತಣ್ಣಗಿತ್ತು. ಹಿಂಡಿದರೆ ನೀರು ಬರುವಷ್ಟು ಒದ್ದೆ.